ಕ್ವಾಂಟಂ ಯಂತ್ರಕ್ಕೂ ಬೇಕು ಹಳೆಯ ಗಣಕದ ಆಸರೆ

ಕಲಬುರಗಿ: ಜೇವರ್ಗಿ ಕಾಲೋನಿಯ ಮನೆಯೊಂದರಲ್ಲಿ ಕುಳಿತ ಎಂಜಿನಿಯರಿಂಗ್ ವಿದ್ಯಾರ್ಥಿ ಇಂದು ತನ್ನ ಲ್ಯಾಪ್‌ಟಾಪ್‌ನಿಂದಲೇ ದೂರದೇಶದ ಕ್ವಾಂಟಂ ಗಣಕಯಂತ್ರಕ್ಕೆ ಲೆಕ್ಕ ಒಪ್ಪಿಸಬಹುದು. ಐಬಿಎಂ ಸಂಸ್ಥೆಯು 2016ರ ಮೇ ತಿಂಗಳಲ್ಲಿ ಐದು ಕ್ಯೂಬಿಟ್‌ಗಳ ಯಂತ್ರವನ್ನು ಅಂತರ್ಜಾಲದ ಮೂಲಕ ಸಾರ್ವಜನಿಕರಿಗೆ ಒದಗಿಸಿದಾಗಲೇ ಈ ಬಾಗಿಲು ತೆರೆಯಿತು. ಆದರೆ ಹಾಗೆ ಕಳುಹಿಸಿದ ಲೆಕ್ಕದ ಬಹಳಷ್ಟು ಕೆಲಸ ನಡೆಯುವುದು ಸಾಮಾನ್ಯ ಗಣಕದಲ್ಲಿಯೇ.

ಕ್ಯೂಬಿಟ್‌ಗಳು ತಮ್ಮ ಸ್ಥಿತಿಯನ್ನು ಉಳಿಸಿಕೊಳ್ಳುವುದು ಅತ್ಯಲ್ಪ ಕಾಲ. ಸೂಪರ್‌ಕಂಡಕ್ಟರ್ ಬಗೆಯ ಚಿಪ್ ಸೊನ್ನೆಗಿಂತ ಸುಮಾರು 273 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿರಬೇಕು. ಬೇಸಿಗೆಯಲ್ಲಿ 42 ಡಿಗ್ರಿ ಕಾಣುವ ಕಲಬುರಗಿಯವರಿಗೆ ಇದು ಊಹೆಗೂ ನಿಲುಕದು. ಇಷ್ಟಾದರೂ ತಪ್ಪುಗಳು ನುಸುಳುತ್ತವೆ. ಆದ್ದರಿಂದ ಅದಕ್ಕೆ ಸದ್ಯ ದೀರ್ಘ ಲೆಕ್ಕ ಒಪ್ಪಿಸುವಂತಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯವೇ ಮಿಶ್ರ ಪದ್ಧತಿ. ಕಮಲಾಪುರದ ಕೆಂಪು ಬಾಳೆ ಹೊತ್ತ ಹತ್ತು ಲಾರಿಗಳಲ್ಲಿ ಯಾವುದು ಯಾವ ಮಾರುಕಟ್ಟೆಗೆ ಹೋದರೆ ಖರ್ಚು ಕಡಿಮೆ ಎಂದು ತಿಳಿಯಬೇಕಿದೆ ಎನ್ನೋಣ. ಕ್ವಾಂಟಂ ಯಂತ್ರವು ಚಿಕ್ಕ ಲೆಕ್ಕವೊಂದನ್ನು ಸಾವಿರಾರು ಬಾರಿ ನಡೆಸಿ ಹಲವು ಹಂಚಿಕೆಗಳನ್ನು ಸೂಚಿಸುತ್ತದೆ. ಸಾಮಾನ್ಯ ಗಣಕವು ಅವುಗಳ ಖರ್ಚು ಕೂಡಿ, ಯಂತ್ರಕ್ಕೆ ಕೊಡುವ ಅಂಕಿಗಳನ್ನು ತುಸು ತಿದ್ದಿ, ಮತ್ತೆ ಕಳುಹಿಸುತ್ತದೆ. ಖರ್ಚು ಇನ್ನು ಇಳಿಯದು ಎನ್ನುವವರೆಗೆ ಈ ಸುತ್ತು ಮುಂದುವರಿಯುತ್ತದೆ. (ಹತ್ತು ಲಾರಿಗಳ ಲೆಕ್ಕಕ್ಕೆ ಸಾಧಾರಣ ಲ್ಯಾಪ್‌ಟಾಪ್ ಒಂದೇ ಸಾಕು ಎಂಬುದನ್ನೂ ಹೇಳಬೇಕು.)

ತಂತ್ರಾಂಶ ಎಂಜಿನಿಯರರ ನಿಜವಾದ ಪರೀಕ್ಷೆ ಇರುವುದು ಈ ಸುತ್ತಿನಲ್ಲಿ. ಅದು ಜೇವರ್ಗಿ ಕಾಲೋನಿಯ ಲ್ಯಾಪ್‌ಟಾಪ್‌ನಿಂದ ನಡೆದರೆ ಪ್ರತಿ ಬಾರಿಯೂ ಅಂಕಿಗಳು ಸಮುದ್ರ ದಾಟಿ, ಸರದಿಯಲ್ಲಿ ಕಾದು ಮರಳಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ, ಪ್ರತಿ ಸುತ್ತಿನ ಫಲಿತಾಂಶವನ್ನು ಉಳಿಸಿಡದ ತಂತ್ರಾಂಶ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಐಬಿಎಂ 2021ರಲ್ಲಿ ಸುತ್ತು ನಡೆಸುವ ಕಾರ್ಯಕ್ರಮವನ್ನೇ ಕ್ವಾಂಟಂ ಯಂತ್ರದ ಪಕ್ಕದ ಗಣಕಕ್ಕೆ ಸಾಗಿಸುವ ಸೇವೆಯನ್ನು ಪ್ರಕಟಿಸಿತು. ಹಿಂದೆ 45 ದಿನ ಹಿಡಿದಿದ್ದ ಲೀಥಿಯಂ ಹೈಡ್ರೈಡ್ ಅಣುವಿನ ಲೆಕ್ಕ 9 ಗಂಟೆಗಳಲ್ಲಿ ಮುಗಿಯಿತೆಂದು ಅದು ತಿಳಿಸಿತು. ಯಂತ್ರ ಹಾಗೂ ಲೆಕ್ಕವಿಧಾನಗಳ ಸುಧಾರಣೆಯೂ ಇದರಲ್ಲಿ ಸೇರಿತ್ತು ಎಂಬುದು ನಿಜ. ಆದರೂ ಸುತ್ತನ್ನು ಎಲ್ಲಿ ನಡೆಸಬೇಕೆಂಬ ತೀರ್ಮಾನದ ಬೆಲೆ ಇದರಿಂದ ಅರಿವಾಗುತ್ತದೆ.

ರಾಜ್ಯದಲ್ಲೂ ಇದಕ್ಕೆ ನೆಲೆ ಸಿದ್ಧವಾಗುತ್ತಿದೆ. ಕೇಂದ್ರ ಸಂಪುಟವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಕ್ವಾಂಟಂ ಗಣನೆಯ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನ ಕ್ಯೂಪಿಎಐ ಕಂಪನಿಯು 25 ಕ್ಯೂಬಿಟ್‌ಗಳ 'ಇಂಡಸ್' ಯಂತ್ರವನ್ನು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು.

ಯಂತ್ರವಿಲ್ಲದ ಊರಿನ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ್ದು 'ಕ್ಯೂಸಿಮ್'. ವಿಜ್ಞಾನ ಸಂಸ್ಥೆ, ರೂರ್ಕಿ ಐಐಟಿ ಹಾಗೂ ಸಿ-ಡ್ಯಾಕ್ ಜಂಟಿಯಾಗಿ ರೂಪಿಸಿ 2021ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಈ ತಂತ್ರಾಂಶ, ಕ್ವಾಂಟಂ ಯಂತ್ರದ ವರ್ತನೆಯನ್ನು ಅದರ ತಪ್ಪುಗಳ ಸಮೇತ ಸಾಮಾನ್ಯ ಗಣಕದಲ್ಲೇ ಅನುಕರಿಸುತ್ತದೆ. ನಿಜವಾದ ಯಂತ್ರದ ಸಮಯ ಬಲು ದುಬಾರಿ. ಐಬಿಎಂನ ಉಚಿತ ಖಾತೆಗೆ 2025ರಲ್ಲಿ ದೊರೆಯುತ್ತಿದ್ದುದು ತಿಂಗಳಿಗೆ 10 ನಿಮಿಷ ಮಾತ್ರ. ಸುತ್ತಿನಲ್ಲಿರುವ ತಪ್ಪುಗಳನ್ನು ಮೊದಲು ಇಂತಹ ಅನುಕರಣೆಯಲ್ಲೇ ಹುಡುಕಿ ತೆಗೆದವನಿಗೆ ಆ ಹತ್ತು ನಿಮಿಷ ಪೂರ್ತಿಯಾಗಿ ಉಳಿಯುತ್ತದೆ.