ಸ್ಯಾನ್‌ಫ್ರಾನ್ಸಿಸ್ಕೊ ನಗರದ ಚೀನಿ ಮತ್ತು ಜಪಾನಿ ಉತ್ಸವಗಳು: ಆಚರಣೆ ಮತ್ತು ನೆಲೆಯ ಪ್ರಶ್ನೆ

ಹೊರನಾಡಿಗೆ ಹೋಗಿ ನೆಲೆಸಿದ ಜನಸಮುದಾಯಗಳು ತಮ್ಮ ಭಾಷೆ, ಆಹಾರ, ದೈವಗಳೊಡನೆ ಹಬ್ಬಗಳನ್ನೂ ಒಯ್ಯುತ್ತವೆ ಎಂಬುದು ವಲಸೆಯನ್ನು ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಗ್ರಹಿಕೆ. ಇದರ ಪ್ರಕಾರ ಹಬ್ಬವು ತಾಯ್ನಾಡಿನ ನೆನಪಿನ ಒಂದು ರೂಪ. ಕಾಲ ಕಳೆದಂತೆ ಅದು ತೆಳುವಾಗುತ್ತ ಹೋಗುವುದೇ ಸಹಜ. ಆದರೆ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಜರುಗುವ ಎರಡು ದೊಡ್ಡ ವಾರ್ಷಿಕ ಉತ್ಸವಗಳು ಈ ಗ್ರಹಿಕೆಗೆ ಒಗ್ಗುವುದಿಲ್ಲ. ಚೀನಿ ಹೊಸವರ್ಷದ ಮೆರವಣಿಗೆ ಇಂದಿನ ರೂಪದಲ್ಲಿ ಆರಂಭವಾದುದು 1953ರಲ್ಲಿ. ಜಪಾನಿ ಸಮುದಾಯದ ಚೆರ್ರಿ ಹೂವಿನ ಉತ್ಸವ ಆರಂಭವಾದುದು 1968ರಲ್ಲಿ. ಚೀನೀಯರು ಆ ನಗರಕ್ಕೆ ಬಂದು ಒಂದು ಶತಮಾನ ಕಳೆದ ಮೇಲೆ, ಜಪಾನೀಯರ ಮೂರನೆಯ ತಲೆಮಾರು ಬೆಳೆದು ನಿಂತ ಮೇಲೆ ಈ ಉತ್ಸವಗಳು ರೂಪುಗೊಂಡವು. ಅಷ್ಟು ತಡವಾಗಿ, ಅದೇ ವರ್ಷಗಳಲ್ಲಿ ಅವು ಏಕೆ ಹುಟ್ಟಿದವು ಎಂಬ ಪ್ರಶ್ನೆಗೆ ಉತ್ತರ ತಾಯ್ನಾಡಿನ ಸಂಪ್ರದಾಯದಲ್ಲಿ ದೊರೆಯುವುದಿಲ್ಲ. ಅದು ಅಮೆರಿಕದ ವಲಸೆ ಕಾನೂನು, ಯುದ್ಧನೀತಿ ಮತ್ತು ನಗರಯೋಜನೆಗಳ ಚರಿತ್ರೆಯಲ್ಲಿದೆ. ಈ ಎರಡು ಉತ್ಸವಗಳನ್ನು ನಗರದಲ್ಲಿ ನೆಲೆಸುವ ಹಕ್ಕಿನ ಸಾರ್ವಜನಿಕ ನಿವೇದನೆಗಳೆಂದು ಓದಲು ಸಾಧ್ಯವಿದೆ.

1. ಚೈನಾಟೌನ್: ನಿಷೇಧದಿಂದ ಮೆರವಣಿಗೆಯವರೆಗೆ

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ದೊರೆತ ಸುದ್ದಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯವನ್ನು ತಲುಪಿದ ಬಳಿಕ ಅಲ್ಲಿನ ಮುತ್ತುನದಿಯ ಮುಖಜಭೂಮಿಯಿಂದ ಸಾವಿರಾರು ಗಂಡಸರು ಕಡಲು ದಾಟಿದರು. ಅವರ ಮಾತಿನಲ್ಲಿ ಕ್ಯಾಲಿಫೋರ್ನಿಯಾ 'ಚಿನ್ನದ ಬೆಟ್ಟ'ವಾಯಿತು. ಗಣಿಗಳಲ್ಲಿಯೂ ಅನಂತರ ಖಂಡವನ್ನು ದಾಟುವ ರೈಲುಮಾರ್ಗದಲ್ಲಿಯೂ ದುಡಿದ ಈ ಜನರಿಗೆ ಸ್ಯಾನ್‌ಫ್ರಾನ್ಸಿಸ್ಕೊದ ಚೈನಾಟೌನ್ ಆಶ್ರಯದ ತಾಣವಾಗಿತ್ತು. 1860ರ ದಶಕದಲ್ಲಿಯೇ ಅವರು ಬಾವುಟ, ತಮಟೆ, ಪಟಾಕಿಗಳೊಡನೆ ಬೀದಿಯಲ್ಲಿ ಹೊಸವರ್ಷದ ಮೆರವಣಿಗೆ ನಡೆಸಿದರು. ಚಾಂದ್ರಸೌರ ಪಂಚಾಂಗವನ್ನು ಅನುಸರಿಸುವ ಈ ಹಬ್ಬ ಜನವರಿ ಕೊನೆಯ ಭಾಗ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಸ್ವದೇಶದಲ್ಲಿ ಅದು ಪ್ರಧಾನವಾಗಿ ಮನೆತನದ ಹಬ್ಬ. ಸಾಲ ತೀರಿಸಿ, ಮನೆ ಗುಡಿಸಿ, ಹಿರಿಯರಿಗೆ ಎಡೆಯಿಟ್ಟು ಕುಟುಂಬವೆಲ್ಲ ಒಟ್ಟಿಗೆ ಉಣ್ಣುವ ದಿನ. ಕುಟುಂಬವನ್ನು ಬಿಟ್ಟುಬಂದ ಗಂಡಸರ ಬಡಾವಣೆಯಲ್ಲಿ ಅದು ಬೀದಿಗೆ ಇಳಿದುದು, ಪಾಶ್ಚಾತ್ಯ ಮೆರವಣಿಗೆಯ ರೀತಿಯನ್ನು ಅಳವಡಿಸಿಕೊಂಡುದು ಗಮನಾರ್ಹ.

1882ರ ಚೀನೀಯರ ಪ್ರವೇಶ ನಿಷೇಧ ಕಾಯ್ದೆಯು ಚೀನಿ ಕಾರ್ಮಿಕರ ಆಗಮನವನ್ನು ತಡೆದುದಲ್ಲದೆ ಚೀನೀಯರಿಗೆ ಅಮೆರಿಕದ ಪೌರತ್ವ ದೊರೆಯದಂತೆಯೂ ಮಾಡಿತು. 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಚೈನಾಟೌನ್ ನಾಶವಾದಾಗ, ಅದನ್ನು ಬೆಲೆಬಾಳುವ ನಡುನಗರದಿಂದ ಕಿತ್ತು ದೂರದ ಹಂಟರ್ಸ್ ಪಾಯಿಂಟ್‌ಗೆ ಸಾಗಿಸುವ ಯೋಜನೆಯನ್ನು ನಗರದ ಮುಖಂಡರು ಮುಂದಿಟ್ಟರು. ಚೀನಿ ವರ್ತಕರು ಇದನ್ನು ಪ್ರತಿಭಟಿಸಿ ಹಳೆಯ ಜಾಗದಲ್ಲಿಯೇ ಪುನರ್ನಿರ್ಮಾಣಕ್ಕೆ ತೊಡಗಿದರು. ಲುಕ್ ಟಿನ್ ಇಲೈ ಎಂಬ ವರ್ತಕನ ಮುಂದಾಳುತನದಲ್ಲಿ ಪಗೋಡಾ ಶೈಲಿಯ ಗೋಪುರಗಳುಳ್ಳ ಸಿಂಗ್ ಚಾಂಗ್, ಸಿಂಗ್ ಫ್ಯಾಟ್ ಕಟ್ಟಡಗಳು ಎದ್ದವು. ಅವುಗಳನ್ನು ವಿನ್ಯಾಸಗೊಳಿಸಿದವರು ಬಿಳಿಯ ವಾಸ್ತುಶಿಲ್ಪಿಗಳು. ಅವುಗಳ ಉದ್ದೇಶ ಪ್ರವಾಸಿಗರನ್ನು ಸೆಳೆಯುವುದು. ನಗರಕ್ಕೆ ಆದಾಯ ತರುವ ಬಡಾವಣೆಯನ್ನು ನಗರವು ಎತ್ತಂಗಡಿ ಮಾಡಲಾರದೆಂಬ ಲೆಕ್ಕಾಚಾರ ಇದರ ಹಿಂದಿತ್ತು. ಮುಂದಿನ ಉತ್ಸವಗಳ ತರ್ಕಕ್ಕೆ ಅಡಿಪಾಯ ಬಿದ್ದುದು ಇಲ್ಲಿಯೇ ಎನ್ನಬಹುದು: ನೋಡುವವರಿಗೆ ಬೇಕಾದ 'ಚೀನಾ'ವನ್ನು ಕಟ್ಟಿ ತೋರಿಸುವುದು ಅಲ್ಲಿ ಉಳಿಯುವ ಉಪಾಯವಾಯಿತು.

1938ರಲ್ಲಿ ಈ ಉಪಾಯ ಹೊಸ ತಿರುವು ಪಡೆಯಿತು. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಾದ ಸಂತ್ರಸ್ತರಿಗೆ ನಿಧಿ ಸಂಗ್ರಹಿಸಲು ಚೈನಾಟೌನ್‌ನಲ್ಲಿ 'ಅನ್ನದ ಬಟ್ಟಲು' ಎಂಬ ಬೀದಿ ಉತ್ಸವ ನಡೆದು, 1940 ಮತ್ತು 1941ರಲ್ಲಿಯೂ ಮುಂದುವರಿಯಿತು. ಇಡೀ ನಗರದ ಜನರನ್ನು ಚೈನಾಟೌನ್‌ಗೆ ಕರೆತಂದು ಒಂದು ರಾಜಕೀಯ ಉದ್ದೇಶಕ್ಕೆ ಸಹಾನುಭೂತಿ ಗಳಿಸಬಹುದೆಂಬ ಅನುಭವ ಸಂಘಟಕರಿಗೆ ದೊರೆಯಿತು. ಯುದ್ಧದಲ್ಲಿ ಚೀನಾ ಅಮೆರಿಕದ ಮಿತ್ರರಾಷ್ಟ್ರವಾದಾಗ, 1943ರಲ್ಲಿ ನಿಷೇಧ ಕಾಯ್ದೆ ರದ್ದಾಯಿತು. ಆದರೂ ಚೀನೀಯರಿಗೆ ನಿಗದಿಯಾದ ವಾರ್ಷಿಕ ಪ್ರವೇಶ ಕೇವಲ 105 ಮಂದಿಗೆ ಸೀಮಿತವಾಗಿತ್ತು.

2. 1953: ಶೀತಲ ಸಮರದ ನೆರಳಿನಲ್ಲಿ ಹೊಸವರ್ಷ

1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು. 1950ರಲ್ಲಿ ಚೀನಿ ಸೈನ್ಯ ಕೊರಿಯಾದಲ್ಲಿ ಅಮೆರಿಕದ ವಿರುದ್ಧ ಯುದ್ಧಕ್ಕಿಳಿಯಿತು. ನಿನ್ನೆಯ ಮಿತ್ರರು ಶತ್ರುಗಳಾದರು. ಅದೇ 1950ರಲ್ಲಿ ಜಾರಿಗೆ ಬಂದ ಆಂತರಿಕ ಭದ್ರತಾ ಕಾಯ್ದೆಯು ತುರ್ತು ಸಂದರ್ಭದಲ್ಲಿ ಶಂಕಿತರನ್ನು ಬಂಧನದಲ್ಲಿಡಲು ಸರ್ಕಾರಕ್ಕೆ ಅಧಿಕಾರ ನೀಡಿತ್ತು. ಎಂಟು ವರ್ಷಗಳ ಹಿಂದೆ ಜಪಾನಿ ಮೂಲದ ನೆರೆಹೊರೆಯವರನ್ನು ಸಾರಾಸಗಟಾಗಿ ಶಿಬಿರಗಳಿಗೆ ಸಾಗಿಸಿದ್ದನ್ನು ಕಣ್ಣಾರೆ ಕಂಡಿದ್ದ ಚೈನಾಟೌನ್‌ಗೆ ತನಗೂ ಅದೇ ಗತಿ ಬಂದೀತೆಂಬ ಭಯ ನಿರಾಧಾರವಾಗಿರಲಿಲ್ಲ.

1953ರ ಮೆರವಣಿಗೆಯನ್ನು ಈ ಭಯದ ಹಿನ್ನೆಲೆಯಲ್ಲಿ ಅರ್ಥೈಸಬೇಕು. ಎಚ್. ಕೆ. ವಾಂಗ್ ಮೊದಲಾದ ವರ್ತಕರು ಚೀನಿ ವಾಣಿಜ್ಯ ಮಂಡಳಿಯ ಆಶ್ರಯದಲ್ಲಿ ಅದನ್ನು ಇಡೀ ನಗರದ ಹಬ್ಬವಾಗಿ ಸಂಘಟಿಸಿದರು. ಮೆರವಣಿಗೆಯ ಗೌರವ ಮುಂದಾಳಾಗಿ ಆಯ್ಕೆಯಾದವನು ಕೊರಿಯಾ ಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿದ್ದ ಚೀನಿ ಮೂಲದ ಯೋಧ. ಡ್ರ್ಯಾಗನ್ ಕುಣಿತದ ಮುಂದೆ ಅಮೆರಿಕದ ಸೈನಿಕನೊಬ್ಬನನ್ನು ಇರಿಸಿದ ಈ ಕ್ರಮದಲ್ಲಿ 'ನಾವು ಚೀನೀಯರು, ಆದರೆ ಆ ಚೀನಾದವರಲ್ಲ' ಎಂಬ ಸಂದೇಶ ಅಡಕವಾಗಿತ್ತು. ಮೆರವಣಿಗೆಯಿಂದ ಶಂಕೆ ಅಳಿಯಲಿಲ್ಲವೆಂಬುದೂ ನಿಜ. 1956ರಲ್ಲಿ ಫೆಡರಲ್ ಅಧಿಕಾರಿಗಳು ಸುಳ್ಳು ದಾಖಲೆಗಳ ಮೂಲಕ ದೇಶವನ್ನು ಪ್ರವೇಶಿಸಿದವರನ್ನು ಹುಡುಕಲು ಚೈನಾಟೌನ್‌ನ ಕುಲಸಂಘಗಳ ಕಡತಗಳನ್ನೇ ಕೇಳಿದರು. ನಿಷೇಧದ ಕಾಲದಲ್ಲಿ ಬೇರೊಬ್ಬರ ಮಕ್ಕಳೆಂದು ಕಾಗದದಲ್ಲಿ ತೋರಿಸಿ ಬಂದಿದ್ದ ಅಸಂಖ್ಯ ಕುಟುಂಬಗಳು ಬೀದಿಯಲ್ಲಿ ಹಬ್ಬ ಆಚರಿಸುತ್ತ ಮನೆಯೊಳಗೆ ನಿಜನಾಮವನ್ನು ಮುಚ್ಚಿಟ್ಟು ಬದುಕಿದವು.

1958ರಲ್ಲಿ ಅಖಿಲ ಅಮೆರಿಕ ಮಟ್ಟದ 'ಮಿಸ್ ಚೈನಾಟೌನ್' ಸ್ಪರ್ಧೆ ಉತ್ಸವಕ್ಕೆ ಸೇರಿತು. ಇಂದು ಈ ಮೆರವಣಿಗೆ ರಾತ್ರಿಯ ದೀಪಾಲಂಕಾರದಲ್ಲಿ ನಡೆಯುತ್ತದೆ. ಅದರ ಕೊನೆಯಲ್ಲಿ ಬರುವ 'ಚಿನ್ನದ ಡ್ರ್ಯಾಗನ್' 250 ಅಡಿಗೂ ಉದ್ದವಾಗಿದ್ದು, ಅದನ್ನು ಹೊತ್ತು ಕುಣಿಸಲು ನೂರಕ್ಕೂ ಹೆಚ್ಚು ಜನ ಬೇಕು. ಮಾರ್ಕೆಟ್ ಬೀದಿಯಿಂದ ಹೊರಡುವ ಅದು ಯೂನಿಯನ್ ಸ್ಕ್ವೇರ್ ಪ್ರದೇಶವನ್ನು ಬಳಸಿ ಚೈನಾಟೌನ್‌ನ ಅಂಚಿಗೆ ಬಂದು ಮುಗಿಯುತ್ತದೆ. ಹಾದಿಯ ಬಹುಭಾಗ ಚೈನಾಟೌನ್‌ನ ಹೊರಗಿದೆ. ಒಂದು ಕಾಲಕ್ಕೆ ಚೀನೀಯರು ಸುರಕ್ಷಿತವಾಗಿ ಓಡಾಡಲಾಗದಿದ್ದ ನಡುನಗರದ ಬೀದಿಗಳಲ್ಲಿ ಡ್ರ್ಯಾಗನ್ ಈಗ ಸಾಗುತ್ತದೆ.

3. ಜಪಾನ್‌ಟೌನ್: ಬರಿದಾದ ನೆಲೆ, ಮರಳಿದ ಜನ

ಜಪಾನಿ ವಲಸೆಗಾರರು 1906ರ ಭೂಕಂಪದ ತರುವಾಯ ವೆಸ್ಟರ್ನ್ ಅಡಿಷನ್ ಎಂಬ ಬಡಾವಣೆಯಲ್ಲಿ ನೆಲೆಗೊಂಡು ಅದನ್ನು 'ನಿಹೊನ್‌ಮಾಚಿ' ಎಂದರೆ ಜಪಾನಿ ಪೇಟೆ ಎಂದು ಕರೆದರು. ಅವರ ಸಮುದಾಯ ಜೀವನದ ಕೇಂದ್ರಗಳಲ್ಲಿ ಬೌದ್ಧ ದೇಗುಲ ಮುಖ್ಯವಾದುದು. ಗತಿಸಿದ ಹಿರಿಯರನ್ನು ಸ್ಮರಿಸುವ ಬೇಸಿಗೆಯ ಒಬೊನ್ ಹಬ್ಬದಲ್ಲಿ ವರ್ತುಲಾಕಾರವಾಗಿ ಕುಣಿಯುವ ಬೊನ್ ಒಡೊರಿ ನೃತ್ಯವನ್ನು 1930ರ ದಶಕದಲ್ಲಿ ಯೊಶಿಯೊ ಇವನಾಗ ಎಂಬ ಬೌದ್ಧ ಪುರೋಹಿತ ಕ್ಯಾಲಿಫೋರ್ನಿಯಾದ ದೇಗುಲಗಳಲ್ಲಿ ಕಲಿಸಿ ಹರಡಿದನು. ಈ ಕುಣಿತದಲ್ಲಿ ನೋಡುಗ-ಕುಣಿಯುವವ ಎಂಬ ಭೇದ ತೆಳುವಾದುದು. ಬಂದವರೆಲ್ಲ ವರ್ತುಲವನ್ನು ಸೇರಬಹುದು.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ 9066ನೆಯ ಆದೇಶ ಈ ಬದುಕನ್ನು ಕತ್ತರಿಸಿತು. ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಹೊರಹಾಕಿ ಬಂಧನ ಶಿಬಿರಗಳಲ್ಲಿ ಇರಿಸಲಾಯಿತು. ಅವರಲ್ಲಿ ಮೂರನೆಯ ಎರಡರಷ್ಟು ಜನ ಹುಟ್ಟಿನಿಂದ ಅಮೆರಿಕದ ಪೌರರು. ಸ್ಯಾನ್‌ಫ್ರಾನ್ಸಿಸ್ಕೊದ 5,000ಕ್ಕೂ ಹೆಚ್ಚು ಜಪಾನೀಯರಲ್ಲಿ ಬಹುಪಾಲು ಜನ ಮೊದಲು ಟ್ಯಾನ್‌ಫೊರಾನ್ ಕುದುರೆ ಪಂದ್ಯದ ಮೈದಾನದ ಲಾಯಗಳಲ್ಲಿ, ಅನಂತರ ಯೂಟಾ ಮರುಭೂಮಿಯ ಟೊಪಾಜ್ ಶಿಬಿರದಲ್ಲಿ ಕಾಲ ಕಳೆದರು. ಗೋಲ್ಡನ್ ಗೇಟ್ ಉದ್ಯಾನದ ಜಪಾನಿ ಚಹಾ ತೋಟವನ್ನು 1890ರ ದಶಕದಿಂದ ಬೆಳೆಸಿದ್ದ ಹಗಿವಾರ ಕುಟುಂಬವೂ ಹೊರಹಾಕಲ್ಪಟ್ಟಿತು. ತೋಟದ ಹೆಸರಿನಿಂದ 'ಜಪಾನಿ' ಎಂಬ ಪದವನ್ನು ತೆಗೆಯಲಾಯಿತು. ಆ ಹೆಸರು ಮರಳಿದುದು 1952ರಲ್ಲಿ.

ಬರಿದಾದ ನಿಹೊನ್‌ಮಾಚಿಯ ಮನೆಗಳಲ್ಲಿ ಯುದ್ಧೋದ್ಯಮದ ಕೆಲಸಕ್ಕೆ ಬಂದ ಆಫ್ರಿಕನ್ ಅಮೆರಿಕನ್ ಕುಟುಂಬಗಳು ನೆಲೆಸಿದವು. ಯುದ್ಧಾನಂತರ ಮರಳಿದ ಜಪಾನೀಯರು ಅವರ ನೆರೆಯಲ್ಲಿ ಬದುಕು ಕಟ್ಟಿಕೊಳ್ಳುತ್ತಿರುವಾಗಲೇ ನಗರದ ಪುನರಭಿವೃದ್ಧಿ ಸಂಸ್ಥೆಯು ಬಡಾವಣೆಯನ್ನು ಕೊಳಗೇರಿಯೆಂದು ಗುರುತಿಸಿ ಮನೆಗಳನ್ನು ಕೆಡವತೊಡಗಿತು. ಗಿಯರಿ ಬೀದಿಯನ್ನು ವಿಶಾಲ ಹೆದ್ದಾರಿಯಂತೆ ಅಗಲಗೊಳಿಸಲಾಯಿತು. ತೆರವಾದ ನೆಲದಲ್ಲಿ ಮಿನೊರು ಯಮಸಾಕಿಯ ವಿನ್ಯಾಸದ 'ಜಪಾನ್ ಸೆಂಟರ್' ಎಂಬ ವಾಣಿಜ್ಯ ಸಂಕೀರ್ಣ 1968ರ ಮಾರ್ಚಿಯಲ್ಲಿ ತೆರೆಯಿತು. ಯೊಶಿರೊ ತನಿಗುಚಿ ರೂಪಿಸಿದ ಐದು ನೆಲೆಯ ಶಾಂತಿ ಪಗೋಡಾ ಜಪಾನಿನ ಕೊಡುಗೆಯಾಗಿ ಅದರ ನಡುವೆ ನಿಂತಿತು. ಮೊದಲ ಚೆರ್ರಿ ಹೂವಿನ ಉತ್ಸವ ನಡೆದುದು ಇದೇ ವರ್ಷದಲ್ಲಿ. ಜನರ ಮನೆಗಳು ಅಳಿದ ನೆಲದ ಮೇಲೆ ಜಪಾನಿ ಸಂಸ್ಕೃತಿಯ ಪ್ರದರ್ಶನ ಆರಂಭವಾದುದು ಈ ಉತ್ಸವದ ಹುಟ್ಟಿನಲ್ಲಿಯೇ ಇರುವ ವಿರೋಧಾಭಾಸ.

ಆದರೂ ಸಮುದಾಯವು ಆ ಚೌಕಟ್ಟನ್ನು ತನ್ನದಾಗಿಸಿಕೊಂಡಿತು. ಜಪಾನಿನಿಂದ ಆಗ ತಾನೆ ಬಂದಿದ್ದ ಸೈಚಿ ತನಾಕ 1968ರ ಉತ್ಸವದಲ್ಲಿ ತೈಕೊ ಎಂಬ ದೊಡ್ಡ ಮದ್ದಳೆಯನ್ನು ನುಡಿಸಿ, ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೊ ತೈಕೊ ಡೋಜೊ ಎಂಬ ಶಾಲೆಯನ್ನು ಸ್ಥಾಪಿಸಿದನು. ಶಿಬಿರಗಳ ಅನುಭವವನ್ನು ಮಾತಿನಲ್ಲಿ ಹೇಳದೆ ನುಂಗಿಕೊಂಡಿದ್ದ ಹಿರಿಯರ ಮಕ್ಕಳಿಗೆ ಈ ಗಟ್ಟಿದನಿಯ ವಾದ್ಯ ಬಹುವಾಗಿ ಹಿಡಿಸಿತು. ಅಮೆರಿಕದ ಅನೇಕ ನಗರಗಳಲ್ಲಿ ತೈಕೊ ತಂಡಗಳು ಹುಟ್ಟಿದವು. ಏಪ್ರಿಲ್ ತಿಂಗಳ ಎರಡು ವಾರಾಂತ್ಯಗಳಲ್ಲಿ ನಡೆಯುವ ಉತ್ಸವದ ಮಹಾಮೆರವಣಿಗೆ ನಗರಸಭಾ ಭವನದ ಬಳಿಯಿಂದ ಹೊರಟು ಜಪಾನ್‌ಟೌನ್ ಸೇರುತ್ತದೆ. ಕೊನೆಯಲ್ಲಿ ಸಾಕೆ ಮದ್ಯದ ಪೀಪಾಯಿಗಳನ್ನು ಪೇರಿಸಿ ಕಟ್ಟಿದ 'ತಾರು ಮಿಕೊಶಿ'ಯನ್ನು, ನಮ್ಮ ಅಡ್ಡಪಲ್ಲಕ್ಕಿಯನ್ನು ಹೊರುವಂತೆ, ಹತ್ತಾರು ಜನ ಹೆಗಲ ಮೇಲೆ ಹೊತ್ತು ಕೂಗುತ್ತ ಕುಲುಕಾಡಿಸುತ್ತಾರೆ.

4. ಒಳಗಿನ ವಿಮರ್ಶೆ ಮತ್ತು ಪರಸ್ಪರ ಸಂಬಂಧ

1968ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಜನಾಂಗೀಯ ಅಧ್ಯಯನ ವಿಭಾಗಕ್ಕಾಗಿ ಮುಷ್ಕರ ಹೂಡಿದರು. ಚೀನಿ ಮತ್ತು ಜಪಾನಿ ಮೂಲದ ಯುವಜನರು 'ಏಷ್ಯನ್ ಅಮೆರಿಕನ್' ಎಂಬ ಒಂದೇ ಹೆಸರಿನಡಿ ಒಗ್ಗೂಡಿದ ಕಾಲವಿದು. ಸೌಂದರ್ಯ ಸ್ಪರ್ಧೆಯು ಹೆಣ್ಣನ್ನು ಪೌರ್ವಾತ್ಯ ಬೊಂಬೆಯಾಗಿಸುತ್ತದೆ, ಮೆರವಣಿಗೆಯ ಬೆಳಕು ಚೈನಾಟೌನ್‌ನ ಇಕ್ಕಟ್ಟಾದ ಕೊಠಡಿಗಳ ಬಡತನವನ್ನು ಮರೆಮಾಡುತ್ತದೆ ಎಂಬ ಟೀಕೆಗಳು ಸಮುದಾಯದ ಒಳಗಿನಿಂದಲೇ ಕೇಳಿಬಂದವು. ಜಪಾನ್‌ಟೌನ್‌ನಲ್ಲಿ ಒಕ್ಕಲೆಬ್ಬಿಸುವಿಕೆಯ ವಿರುದ್ಧ 1973ರಲ್ಲಿ ಸಮಿತಿಯೊಂದು ರಚನೆಗೊಂಡಿತು. ಇದೇ ಯುವಚಳವಳಿಯ ಪರಿಸರದಲ್ಲಿ ರೂಪುಗೊಂಡ ನಿಹೊನ್‌ಮಾಚಿ ಬೀದಿ ಜಾತ್ರೆ ಇಂದಿಗೂ ಬೇಸಿಗೆಯಲ್ಲಿ ನಡೆಯುತ್ತದೆ. 2001ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯು ರಾಜ್ಯದಲ್ಲಿ ಉಳಿದಿರುವ ಮೂರು ಜಪಾನ್‌ಟೌನ್‌ಗಳ ರಕ್ಷಣೆಗಾಗಿ ಕಾಯ್ದೆ ಮಾಡಿತು. ಯುದ್ಧಪೂರ್ವದಲ್ಲಿ ಅಂತಹ ಪೇಟೆಗಳು ಹತ್ತಾರು ಇದ್ದವು.

ಎರಡು ಸಮುದಾಯಗಳ ಚರಿತ್ರೆ ಒಂದರೊಡನೊಂದು ಹೆಣೆದುಕೊಂಡಿದ್ದರೂ ಆ ಸಂಬಂಧ ಸರಳವಾದುದಲ್ಲ. 1942ರಲ್ಲಿ 'ನಾನು ಚೀನಿ' ಎಂಬ ಬಿಲ್ಲೆ ಧರಿಸಿ ಜಪಾನೀಯರಿಂದ ಬೇರೆಯಾಗಿ ಗುರುತಿಸಿಕೊಂಡವರು 1953ರಲ್ಲಿ ಚೀನಾದಿಂದಲೂ ಬೇರೆಯಾಗಿ ಗುರುತಿಸಿಕೊಳ್ಳಬೇಕಾಯಿತು. ಚೈನಾಟೌನ್ ಅಂಜಿದ್ದ 1950ರ ಬಂಧನ ವಿಧಿಯನ್ನು 1971ರಲ್ಲಿ ರದ್ದುಗೊಳಿಸುವಲ್ಲಿ ಮುಂದೆ ನಿಂತವರು ಶಿಬಿರಗಳನ್ನು ಅನುಭವಿಸಿದ ಜಪಾನಿ ಅಮೆರಿಕನ್ನರು. ಮತ್ತೊಂದೆಡೆ, ಜಪಾನಿ ಸೈನ್ಯದ ಲೈಂಗಿಕ ದಾಸ್ಯಕ್ಕೆ ಗುರಿಯಾದ ಮಹಿಳೆಯರ ಸ್ಮಾರಕವನ್ನು 2017ರಲ್ಲಿ ಚೈನಾಟೌನ್‌ನ ಸೇಂಟ್ ಮೇರೀಸ್ ಸ್ಕ್ವೇರ್‌ನಲ್ಲಿ ಸ್ಥಾಪಿಸಿದಾಗ ಒಸಾಕ ನಗರವು 1957ರಿಂದ ಇದ್ದ ಸೋದರಿ ನಗರ ಸಂಬಂಧವನ್ನು 2018ರಲ್ಲಿ ಕಡಿದುಕೊಂಡಿತು. ಸ್ಮಾರಕ ಮಾತ್ರ ಅಲ್ಲಿಯೇ ಉಳಿಯಿತು.

ಅಧ್ಯಯನದ ದೃಷ್ಟಿಯಿಂದ ಇನ್ನೊಂದು ಆಚರಣೆಯನ್ನೂ ಇಲ್ಲಿ ಪರಿಗಣಿಸಬೇಕು. 9066ನೆಯ ಆದೇಶದ ದಿನವಾದ ಫೆಬ್ರವರಿ 19ರ ಸುಮಾರಿಗೆ ಜಪಾನ್‌ಟೌನ್‌ನಲ್ಲಿ 'ಸ್ಮರಣ ದಿನ'ದ ಸಭೆ ನಡೆಯುತ್ತದೆ. 1978ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಮೊದಲಾದ ಈ ಪದ್ಧತಿಯು ಪರಿಹಾರದ ಚಳವಳಿಗೆ ಬಲ ನೀಡಿತು. 1988ರ ಕಾಯ್ದೆಯ ಮೂಲಕ ಸರ್ಕಾರ ಕ್ಷಮೆ ಕೋರಿ, ಬದುಕಿದ್ದ ಪ್ರತಿಯೊಬ್ಬ ಬಂಧಿತರಿಗೂ 20,000 ಡಾಲರ್ ನೀಡಲು ಒಪ್ಪಿತು. ಚೆರ್ರಿ ಹೂವಿನ ಉತ್ಸವ ಹೇಳಲಾಗದ್ದನ್ನು ಹೇಳುವ ಹೊಣೆಯನ್ನು ಈ ಸಭೆ ಹೊತ್ತಿದೆ.

5. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ವಲಸಿಗರ ಉತ್ಸವದ ಕಾಲನಿರ್ಣಯವನ್ನು ತಾಯ್ನಾಡಿನ ಪಂಚಾಂಗದಿಂದಷ್ಟೇ ಮಾಡಲಾಗದು. ಅದು ಆಶ್ರಯ ನೀಡಿದ ದೇಶದ ಕಾನೂನಿನ ಚರಿತ್ರೆಯನ್ನೂ ಅವಲಂಬಿಸಿರುತ್ತದೆ. ಪ್ರದರ್ಶನಪ್ರಿಯತೆ ಹಾಗೂ ವಾಣಿಜ್ಯ ಉದ್ದೇಶಗಳನ್ನು ಸಂಸ್ಕೃತಿಯ ಪತನವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ದುರ್ಬಲ ಸಮುದಾಯಕ್ಕೆ ಅವು ನೆಲೆಯನ್ನು ಉಳಿಸಿಕೊಳ್ಳುವ ಸಾಧನಗಳಾಗಿದ್ದವು. ಆ ಸಾಧನಕ್ಕೆ ತೆತ್ತ ಬೆಲೆಯನ್ನು, ಅಂದರೆ ಅದು ಮರೆಮಾಡಿದ ಬಡತನ ಮತ್ತು ನೋವುಗಳನ್ನು, ಲೆಕ್ಕಕ್ಕೆ ತೆಗೆದುಕೊಳ್ಳದೆ ಅಧ್ಯಯನ ಪೂರ್ಣವಾಗದು.

ಭಾರತೀಯ ವಲಸೆಯ ಅಧ್ಯಯನಕ್ಕೂ ಇದು ಪ್ರಸ್ತುತ. 1917ರ ಕಾಯ್ದೆ ಭಾರತೀಯರಿಗೂ ಬಾಗಿಲು ಮುಚ್ಚಿತ್ತು; ಅದನ್ನು ವಿಶಾಲವಾಗಿ ತೆರೆದ 1965ರ ಕಾಯ್ದೆಯ ಬಳಿಕವೇ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿ ಆ ಕೊಲ್ಲಿ ಪ್ರದೇಶದಲ್ಲಿ ನೆಲೆಸಿದರು. ಅಲ್ಲಿನ ಸಭಾಂಗಣಗಳಲ್ಲಿ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳನ್ನು ನೆಮ್ಮದಿಯಿಂದ ಆಚರಿಸುತ್ತವೆ. ಆ ಸಭಾಂಗಣದ ಬಾಗಿಲು ತೆರೆದುದರ ಹಿಂದೆ, ಬೀದಿಯಲ್ಲಿ ಡ್ರ್ಯಾಗನ್ ಕುಣಿಸಿ ತಮ್ಮ ನಿಷ್ಠೆಯನ್ನು ರುಜುವಾತುಪಡಿಸಬೇಕಾಗಿದ್ದ ಹಾಗೂ ಕುದುರೆ ಲಾಯಗಳಿಂದ ಮರಳಿ ಬಂದು ಮತ್ತೆ ಪೇಟೆ ಕಟ್ಟಿದ ಹಿಂದಿನ ತಲೆಮಾರುಗಳ ಶ್ರಮವಿದೆ.