ಭಾರವನ್ನು ಓದುವ ಬಗೆ

ತುಂಗಭದ್ರೆಯನ್ನು ಆನೆಗೊಂದಿಯ ಬಳಿ ದಾಟಿಸುವ ಹರಿಗೋಲಿಗೆ ತೂಕದ ಫಲಕವಿಲ್ಲ; ಅದರ ಅಗತ್ಯವೂ ಇಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ಈ ದುಂಡು ದೋಣಿಗಳಲ್ಲಿ ಹದಿನೈದಿಪ್ಪತ್ತು ಜನರೂ, ಕುದುರೆ ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಂದಿನಿಂದ ಇಂದಿನವರೆಗೂ ಅಂಬಿಗನು ನೀರು ಅಂಚಿಗೆ ಎಷ್ಟು ಸಮೀಪಿಸಿದೆಯೆಂಬುದನ್ನು ನೋಡಿಯೇ ಮತ್ತೊಬ್ಬನನ್ನು ಹತ್ತಿಸಿಕೊಳ್ಳಬೇಕೋ ದಡದಲ್ಲಿಯೇ ಬಿಡಬೇಕೋ ಎಂದು ನಿಶ್ಚಯಿಸುತ್ತಾನೆ. ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ತಳ್ಳುವುದರಿಂದ, ಹೇರಿದ ಭಾರವು ತಾನಾಗಿಯೇ ಕಣ್ಣಿಗೆ ಗೋಚರವಾಗುತ್ತದೆ. ಹಡಗುಗಳ ಹೊಟ್ಟೆಯ ಮೇಲೆ ಭಾರದ ಗೆರೆಯನ್ನು ಎಳೆಯಬೇಕೆಂದು 1876ರಲ್ಲಿ ಬ್ರಿಟಿಷ್ ಸಂಸತ್ತು ಶಾಸನ ಮಾಡಿದುದೂ ಈ ತತ್ತ್ವವನ್ನೇ ಆಧರಿಸಿ.

ನೆಲದ ಮೇಲೆ ಉರುಳುವ ವಾಹನಕ್ಕೆ ಈ ಸೌಲಭ್ಯವಿಲ್ಲ. ಕಂಪ್ಲಿಯ ಗದ್ದೆಗಳಿಂದ ಭತ್ತ ಹೇರಿಕೊಂಡು ಬರುವ ಲಾರಿಯನ್ನೂ, ಸಂಡೂರಿನ ಗಣಿಗಳಿಂದ ಅದಿರು ಹೇರಿಕೊಂಡು ಇಳಿಯುವ ಲಾರಿಯನ್ನೂ ಹೊಸಪೇಟೆಯ ಬೈಪಾಸಿನಲ್ಲಿ ಒಟ್ಟಿಗೆ ನಿಲ್ಲಿಸಿ ನೋಡಿದವರು, ಮೂಟೆಗಳು ಮುಗಿಲಿಗೆ ಏರಿದ ಮೊದಲನೆಯದನ್ನೇ ಹೆಚ್ಚು ಭಾರವೆಂದು ಭಾವಿಸುವುದು ಸಹಜ. ಆದರೆ ಒಂದು ಘನಮೀಟರ್ ಭತ್ತವು ಸುಮಾರು 600 ಕಿಲೋಗ್ರಾಂ ತೂಗಿದರೆ, ಅಷ್ಟೇ ಜಾಗವನ್ನು ತುಂಬುವ ಕಬ್ಬಿಣದ ಅದಿರು ಎರಡೂವರೆ ಟನ್ನಿನ ಹತ್ತಿರಕ್ಕೆ ಹೋಗುತ್ತದೆ. ಭತ್ತದಿಂದ ತುಳುಕುವ ಲಾರಿ ನಿಯಮದೊಳಗಿರಬಹುದು, ತೊಟ್ಟಿಯ ಅರ್ಧಕ್ಕೂ ಏರದ ಕೆಂಪು ಅದಿರಿನ ಲಾರಿ ಮಿತಿಯನ್ನು ಮೀರಿರಬಹುದು. ಆದಕಾರಣ ಬಾಗಿಲ ಪಕ್ಕದಲ್ಲಿ ಬಣ್ಣದಿಂದ ಬರೆದ ಖಾಲಿ ತೂಕ, ಒಟ್ಟು ತೂಕ, ಟೈರಿನ ಅಳತೆ ಇವುಗಳನ್ನು ನಾವು ಓದದೆ ದಾಟಿ ಹೋಗುತ್ತೇವಾದರೂ, ಕಣ್ಣು ಸೋತ ಕಡೆ ನಮಗೆ ಉಳಿದಿರುವ ಸಾಧನವು ಆ ಅಕ್ಷರಗಳೇ.

ಅಕ್ಷರಗಳಲ್ಲಿ ಅತ್ಯಂತ ಅರ್ಥಪೂರ್ಣವಾದವು ಟೈರಿನ ಪಕ್ಕದ ಮೈಮೇಲೆ ಅಚ್ಚಾಗಿರುವುವು. ಪಂಕ್ಚರ್ ಅಂಗಡಿಯೊಂದರ ಗೋಡೆಗೆ ಒರಗಿಸಿಟ್ಟ ಲಾರಿ ಟೈರಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ 10.00 ಆರ್ 20 ಎಂದೂ, ಅದರ ಮುಂದೆ 146/143 ಕೆ ಎಂದೂ ಕಾಣಿಸುತ್ತದೆ. 146 ಎಂಬುದು ಭಾರದ ಸೂಚ್ಯಂಕ: ಒಂಟಿಯಾಗಿ ದುಡಿಯುವಾಗ ಈ ಟೈರು 3,000 ಕಿಲೋಗ್ರಾಂ ಹೊರಬಲ್ಲುದು. ಹಿಂದಿನ ಗಾಲಿಗಳಲ್ಲಿ ಜೋಡಿಯಾಗಿ ದುಡಿಯುವಾಗ ಭಾರವು ಎರಡರ ಮೇಲೂ ಸಮನಾಗಿ ಬೀಳದಾದ್ದರಿಂದ ಅದರ ಪಾಲು 143, ಅಂದರೆ 2,725 ಕಿಲೋಗ್ರಾಮಿಗೆ ಇಳಿಯುತ್ತದೆ. ಕೆ ಎಂಬ ಅಕ್ಷರವು ಗಂಟೆಗೆ 110 ಕಿಲೋಮೀಟರಿನ ವೇಗದ ಮಿತಿ. ಕೊನೆಯಲ್ಲಿ ನಾಲ್ಕಂಕಿಯ ಒಂದು ಗುರುತಿದ್ದು, ಅದು ಟೈರು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತದೆ.

ಇಷ್ಟು ಭಾರವನ್ನು ಹೊರುವುದು ರಬ್ಬರಲ್ಲ, ಬಹುಪಾಲು ಅದರೊಳಗಿನ ಗಾಳಿ. ರಾಬರ್ಟ್ ವಿಲಿಯಂ ತಾಮ್ಸನ್ 1845ರಲ್ಲಿ ಹಕ್ಕುಪತ್ರ ಪಡೆದು, ಜನ ಮರೆತ ಬಳಿಕ ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಮತ್ತೆ ಕಂಡುಹಿಡಿದ ಗಾಳಿಯ ಟೈರಿನ ಮರ್ಮವೇ ಇದು. ಗಾಳಿಯು ಒಂದು ಚದರ ಅಂಗುಲಕ್ಕೆ 120 ಪೌಂಡಿನ ಒತ್ತಡದಲ್ಲಿದ್ದರೆ, 3,000 ಕಿಲೋಗ್ರಾಂ ಹೊರುವ ಟೈರು ನೆಲವನ್ನು ತಾಗುವ ಜಾಗವು ಸುಮಾರು 355 ಚದರ ಸೆಂಟಿಮೀಟರ್, ಅಂದರೆ ಒಂದೊಂದು ಪಕ್ಕ ಹತ್ತೊಂಬತ್ತು ಸೆಂಟಿಮೀಟರಿನ ಒಂದು ಚೌಕವಷ್ಟೇ. ಗಾಳಿ ಇಳಿದರೆ ಅಥವಾ ಭಾರ ಏರಿದರೆ ಆ ಚೌಕ ಹಿಗ್ಗಲೇಬೇಕು; ಅದು ಹಿಗ್ಗುವುದೆಂದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಿದು ಹೆಚ್ಚು ಬಿಚ್ಚಿಕೊಳ್ಳುವುದೆಂದರ್ಥ. ರಬ್ಬರು ಮಡಿಯುವಾಗ ನುಂಗಿದ ಶಕ್ತಿಯನ್ನು ಬಿಚ್ಚುವಾಗ ಪೂರ್ತಿ ಹಿಂತಿರುಗಿಸುವುದಿಲ್ಲ, ಉಳಿದದ್ದು ಶಾಖವಾಗುತ್ತದೆ. ವೈಶಾಖದ ಬಿಸಿಲಿನಲ್ಲಿ ಕಾದ ಡಾಂಬರಿನ ಮೇಲೆ, ಮಿತಿ ಮೀರಿದ ಭಾರ ಹೊತ್ತು ಗಂಟೆಗಟ್ಟಲೆ ಉರುಳುವ ಟೈರಿನೊಳಗೆ ಈ ಶಾಖವು ಹೊರಹೋಗುವುದಕ್ಕಿಂತ ಶೀಘ್ರವಾಗಿ ಹುಟ್ಟುತ್ತದೆ. ರಬ್ಬರಿಗೂ ಉಕ್ಕಿನ ಎಳೆಗಳಿಗೂ ನಡುವಣ ಬೆಸುಗೆ ಸಡಿಲಿ, ಒಂದು ಕ್ಷಣದಲ್ಲಿ ಮೇಲಣ ಪಟ್ಟಿ ಕಿತ್ತು ಹಾರುತ್ತದೆ. ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುವ ಕಪ್ಪು ರಬ್ಬರಿನ ತುಣುಕುಗಳನ್ನು ನಾವೆಲ್ಲರೂ ನೋಡಿಯೇ ಇದ್ದೇವೆ.

ಹೀಗಿರುವಲ್ಲಿ ಫಲಕದ ಮೇಲೆ ಒಂದು ಅಂಕೆ ತಪ್ಪಾದರೆ ಏನಾದೀತು? ಅಮೆರಿಕದಲ್ಲಿ ಮನೆಯಂತೆ ಸಜ್ಜಾದ ಪ್ರವಾಸಿ ವಾಹನಗಳನ್ನು, ಯಂತ್ರದಲ್ಲಿ ಯಾವ ದೋಷವೂ ಇಲ್ಲದಿದ್ದರೂ, ತೂಕದ ಅಥವಾ ಟೈರಿನ ಫಲಕ ತಪ್ಪಾಗಿದೆಯೆಂಬ ಕಾರಣಕ್ಕೆ ತಯಾರಕರು ಸುರಕ್ಷತಾ ರೀಕಾಲಿಗೆ ಒಳಪಡಿಸುವುದುಂಟು. ಪರಿಹಾರವೆಂದರೆ ಸಾಮಾನ್ಯವಾಗಿ ಸರಿಯಾದ ಫಲಕವೊಂದನ್ನು ಮಾಲೀಕನಿಗೆ ಅಂಚೆಯಲ್ಲಿ ಕಳುಹಿಸುವುದು. ಕೇಳಿದವರಿಗೆ ಇದು ಅಕ್ಷರಲೋಪಕ್ಕೆ ವಿಪರೀತ ಶಿಕ್ಷೆಯೆನಿಸಬಹುದು, ನನಗೆ ಹಾಗೆನಿಸುವುದಿಲ್ಲ. ಇಂಥ ವಾಹನಗಳಲ್ಲಿ ಚಾಸಿಯನ್ನು ಒಬ್ಬರೂ ಅದರ ಮೇಲಣ ಮನೆಯನ್ನು ಇನ್ನೊಬ್ಬರೂ ಕಟ್ಟುವುದು ವಾಡಿಕೆ. ಮಂಚ, ಒಲೆ, ಶೀತಪೆಟ್ಟಿಗೆ, ಬ್ಯಾಟರಿಗಳೆಲ್ಲ ಕೂಡಿದ ಮೇಲೆ ಉಳಿಯುವ ಭಾರಸಾಮರ್ಥ್ಯ ಎಷ್ಟೆಂಬುದು ಕೊನೆಯ ಲೆಕ್ಕಾಚಾರದಿಂದಲೇ ತಿಳಿಯತಕ್ಕದ್ದು. ಅಲ್ಲಿನ ಮೋಟಾರು ಮನೆಗಳ ಫಲಕವು ಜನ ಮತ್ತು ಸಾಮಾನು ಸೇರಿ ಎಷ್ಟು ಹೇರಬಹುದೆಂಬುದನ್ನಲ್ಲದೆ, ತೊಟ್ಟಿ ತುಂಬಿದ ನೀರೂ ಸಾಮಾನಿನ ಲೆಕ್ಕಕ್ಕೇ ಸೇರುವುದೆಂದು, ಒಂದು ಲೀಟರಿಗೆ ಒಂದು ಕಿಲೋಗ್ರಾಮಿನಂತೆ, ಎಚ್ಚರಿಸುತ್ತದೆ. ಇನ್ನೂರು ಲೀಟರಿನ ತೊಟ್ಟಿ ತುಂಬಿಸಿದ ಸಂಸಾರವೊಂದು ಕಣ್ಣಿಗೆ ಕಾಣದ ಮೂವರು ಪ್ರಯಾಣಿಕರನ್ನು ಜೊತೆಗೆ ಕರೆದೊಯ್ಯುತ್ತಿರುತ್ತದೆ.

ಅಂಕೆಯ ಬಗೆಗಿನ ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಸಂಸ್ಥೆಯು 65 ಲಕ್ಷ ಟೈರುಗಳನ್ನು ಹಿಂಪಡೆಯಿತು; ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಅವುಗಳ ಪಟ್ಟಿ ಕಿತ್ತುಹೋಗಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತು. ಟೈರಿನ ರಚನೆಯಲ್ಲಿಯೇ ದೋಷವಿದ್ದುದು ತನಿಖೆಯಲ್ಲಿ ನಿರ್ಣಯವಾಯಿತು. ಅದರ ಜೊತೆಗೇ, ವಾಹನದ ಫಲಕದಲ್ಲಿ 26 ಪೌಂಡು ಗಾಳಿಯೆಂದು ಬರೆದಿದ್ದು, ಟೈರಿನ ಕಂಪನಿ 30 ಪೌಂಡು ಬೇಕೆಂದು ವಾದಿಸಿದುದು ದೊಡ್ಡ ಜಗಳವಾಯಿತು. ಆ ವರ್ಷವೇ ಹುಟ್ಟಿದ ಹೊಸ ಕಾನೂನಿನ ಪರಿಣಾಮವಾಗಿ ಟೈರು ಮತ್ತು ಭಾರದ ಫಲಕವು ಚಾಲಕನ ಬಾಗಿಲ ಬಳಿ, ನಿರ್ದಿಷ್ಟ ರೂಪದಲ್ಲಿ ಇರಬೇಕೆಂಬ ನಿಯಮ ಬಂತು.

ನಮ್ಮ ದೇಶದಲ್ಲಿ ರೀಕಾಲು ಬಹುಕಾಲ ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ 110ಎ ಎಂಬ ಪ್ರಕರಣ ಸೇರಿ, 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಗೆ ಬಂದ ಮೇಲೆ, ದೋಷವುಳ್ಳ ವಾಹನಗಳನ್ನು ಹಿಂಪಡೆಯುವಂತೆ ಸರ್ಕಾರವೇ ಆಜ್ಞಾಪಿಸಬಹುದಾಗಿದೆ. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿಯು ಕ್ಯಾರವಾನುಗಳಿಗೂ ಎಡೆಗೊಟ್ಟಿದ್ದರಿಂದ, ಹಂಪಿಯ ಬಯಲಿಗೆ ಮೋಟಾರು ಮನೆಗಳು ಬರುವ ಕಾಲ ಇದು. ಫಲಕದ ವಿಚಾರ ನಮಗೆ ದೂರದ್ದಲ್ಲ.

ಇಲ್ಲಿಯ ಜನ ಅತಿಭಾರದ ಪಾಠವನ್ನು ಅದಕ್ಕೂ ಮೊದಲೇ ಅದಿರಿನಿಂದ ಕಲಿತಿದ್ದಾರೆ. ಸಂಡೂರು–ಹೊಸಪೇಟೆಯ ರಸ್ತೆಗಳು ಗಣಿಗಾರಿಕೆಯ ಉಬ್ಬರದ ವರ್ಷಗಳಲ್ಲಿ ಕೆಂಪು ಧೂಳಿನ ಗುಂಡಿಗಳಾಗಿ ಒಡೆದುದೂ, ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಗಣಿಗಾರಿಕೆಯ ಅಕ್ರಮಗಳ ಅಂತಿಮ ವರದಿಯನ್ನೊಪ್ಪಿಸಿದುದೂ ಮರೆಯುವಂಥದಲ್ಲ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ ನಡೆದ ರಸ್ತೆ ಪರೀಕ್ಷೆಯು ತೋರಿಸಿದಂತೆ, ಅಚ್ಚಿನ ಭಾರ ಏರಿದರೆ ರಸ್ತೆಗಾಗುವ ಹಾನಿ ಸರಿಸುಮಾರು ಅದರ ನಾಲ್ಕನೆಯ ಘಾತದಂತೆ ಏರುತ್ತದೆ: ಭಾರ ಒಂದೂವರೆಯಷ್ಟಾದರೆ ಹಾನಿ ಐದರಷ್ಟು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರಿನ ಒಂದು ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಮೇಲೆ ಓದಿದ 143ರ ಟೈರು ನಾಲ್ಕು ಸೇರಿದರೆ ಹೊರುವುದು 10.9 ಟನ್. ವೇಗ ತಗ್ಗಿಸಿದರೆ ತಯಾರಕರು ತುಸು ಹೆಚ್ಚು ಭಾರವನ್ನು ಒಪ್ಪುವುದುಂಟಾದರೂ, ರಾಜಪತ್ರದ ಅಂಕೆಯು ರಬ್ಬರಿನ ಅಂಕೆಯನ್ನು ಬದಲಿಸಲಾರದು. ಎರಡನ್ನೂ ಓದಿ, ಚಿಕ್ಕದನ್ನು ಹಿಡಿಯುವುದು ಉಚಿತ.

ಫಲಕವನ್ನು ಪರೀಕ್ಷಿಸುವ ಉಪಾಯವೂ ಊರಿನಲ್ಲಿಯೇ ಇದೆ. ಅದಿರಿನ ವ್ಯಾಪಾರದಿಂದಾಗಿ ಇಲ್ಲಿ ವೇಬ್ರಿಡ್ಜುಗಳಿಗೆ ಬರವಿಲ್ಲ. ನೀರು, ಸಾಮಾನು, ಜನ ಎಲ್ಲ ತುಂಬಿದ ಮೇಲೆ ವಾಹನದ ಮುಂದಿನ ಗಾಲಿಗಳನ್ನು ಮಾತ್ರ ಹಲಗೆಯ ಮೇಲೇರಿಸಿ ಒಮ್ಮೆ ತೂಗಿಸಬೇಕು, ಆಮೇಲೆ ಪೂರ್ತಿ ವಾಹನವನ್ನು ತೂಗಿಸಬೇಕು. ಎರಡರ ಅಂತರವು ಹಿಂದಿನ ಅಚ್ಚಿನ ಭಾರ. ಅದನ್ನು ಟೈರುಗಳ ಸಂಖ್ಯೆಯಿಂದ ಭಾಗಿಸಿ ಪಕ್ಕದ ಮೈಮೇಲಣ ಸೂಚ್ಯಂಕದೊಡನೆ ಹೋಲಿಸಬೇಕು. ನೀರಿನ ತೊಟ್ಟಿಯೂ ಅಡುಗೆಯ ಕಟ್ಟೆಯೂ ಒಂದೇ ಮಗ್ಗುಲಿಗಿರುವ ಮೋಟಾರು ಮನೆಯಾದರೆ, ಎಡಬಲಗಳನ್ನೂ ಬೇರೆಬೇರೆಯಾಗಿ ತೂಗಿಸುವುದು ಲೇಸು; ಏಕೆಂದರೆ ಅಚ್ಚಿನ ಒಟ್ಟು ಭಾರ ಮಿತಿಯೊಳಗಿದ್ದಾಗಲೂ ಒಂದು ಬದಿಯ ಟೈರು ಮಿತಿ ಮೀರಿ ಕಾಯುತ್ತಿರಬಹುದು.