ಮಾರ್ಪಡಿಸಿದ ಹಳೆಯ ಎಂಜಿನ್: ಬಿಲ್ಲಿನಲ್ಲಿ ಕಾಣಿಸುವ ಅಶ್ವಶಕ್ತಿ ಎಷ್ಟು?

ಬಂಟ್ವಾಳದ ಬಿ.ಸಿ. ರೋಡ್, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಲೇತ್ ಶಾಪ್ ಹಾಗೂ ಗ್ಯಾರೇಜುಗಳನ್ನು ನಡೆಸುವ ನಮ್ಮ ಉದ್ದಿಮೆದಾರರಿಗೆ ಲಾರಿ, ಜೀಪು, ಪಂಪ್‌ಸೆಟ್‌ಗಳ ಎಂಜಿನ್ ಕೆಲಸ ಹೊಸದೇನಲ್ಲ. ಆದರೆ ಹಳೆಯ ಕಾರೊಂದನ್ನು ಅಕ್ಕರೆಯಿಂದ ಕಾಪಿಟ್ಟುಕೊಂಡ ಗಿರಾಕಿ ಎಂಜಿನ್ನಿನ ಬೋರ್ ಹಿಗ್ಗಿಸಿಕೊಂಡು, ಕ್ಯಾಮ್ ಶಾಫ್ಟ್, ಕಾರ್ಬ್ಯುರೇಟರ್ ಬದಲಿಸಿಕೊಂಡು, ಈಗ ಎಷ್ಟು ಅಶ್ವಶಕ್ತಿ ಬಂತು ಎಂದು ಕೇಳಿದಾಗ ಕೊಡುವ ಉತ್ತರಕ್ಕೆ ವ್ಯಾಪಾರದ ದೃಷ್ಟಿಯಿಂದ ಬೇರೆಯೇ ತೂಕವಿದೆ. ಕೊಟೇಶನ್ನಿನಲ್ಲಿ ಅಂಕಿ ಸೇರಿದೊಡನೆ ಅದು ಭರವಸೆಯಾಗುತ್ತದೆ; ಆ ಅಂಕಿಯನ್ನು ನಂಬಿ ಹಣ ಕೊಟ್ಟವನು ನಾಳೆ ಗ್ರಾಹಕರ ಆಯೋಗದ ಮೆಟ್ಟಿಲೇರಬಹುದು.

ನಮ್ಮ ರಾಜ್ಯದ್ದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ ಡಾಲ್ಫಿನ್ ಕಾರು ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿದ್ದು. ಫೈಬರ್ ಗ್ಲಾಸ್ ಮೈ, ಹಗುರವಾದ ಅಲ್ಯುಮಿನಿಯಂ ಎಂಜಿನ್. ಪೇಟೆಯಲ್ಲಿ ಮಾರುತಿಯ ಎದುರು ಅದು ನಿಲ್ಲಲಿಲ್ಲವಾದರೂ ಶೋಲಾವರಂ ಪಂದ್ಯಗಳಲ್ಲಿಯೂ ರ‍್ಯಾಲಿಗಳಲ್ಲಿಯೂ ಹೆಸರು ಮಾಡಿತು. ಅದರ 848 ಸಿ.ಸಿ. ಎಂಜಿನ್ನಿನ ಮೂಲ ಶಕ್ತಿ ನಿಮಿಷಕ್ಕೆ 5500 ಸುತ್ತುಗಳಲ್ಲಿ ಸುಮಾರು 40 ಅಶ್ವಶಕ್ತಿ. ಇಂತಹ ಎಂಜಿನ್ನನ್ನು ಮಾರ್ಪಡಿಸಿ 80 ಅಶ್ವಶಕ್ತಿ ಪಡೆದೆವೆಂದು ಯಾರಾದರೂ ಹೇಳಿದರೆ ನಂಬಬಹುದೇ?

ಕಾಗದ, ಪೆನ್ಸಿಲ್ ಇದ್ದರೆ ಪರಿಶೀಲನೆ ಸುಲಭ. ಪಿಸ್ಟನ್ನಿನ ಮೇಲಿನ ಸರಾಸರಿ ಪರಿಣಾಮಕಾರಿ ಒತ್ತಡವನ್ನು (ಬಾರ್ ಲೆಕ್ಕದಲ್ಲಿ) ಲೀಟರ್ ಸಾಮರ್ಥ್ಯದಿಂದಲೂ ನಿಮಿಷದ ಸುತ್ತುಗಳಿಂದಲೂ ಗುಣಿಸಿ 895ರಿಂದ ಭಾಗಿಸಿದರೆ ನಾಲ್ಕು ಸ್ಟ್ರೋಕ್ ಎಂಜಿನ್ನಿನ ಅಶ್ವಶಕ್ತಿ ದೊರೆಯುತ್ತದೆ. ಮೂಲ ಎಂಜಿನ್ನಿಗೆ ಈ ಒತ್ತಡ ಸುಮಾರು 7.7 ಬಾರ್. ಒಳ್ಳೆಯ ಹೆಡ್ ಕೆಲಸ, ಕ್ಯಾಮ್ ಮತ್ತು ಕಾರ್ಬ್ಯುರೇಟರುಗಳಿಂದ ಒತ್ತಡ 8ರಿಂದ 9 ಬಾರ್‌ಗೇರಿ, ಸುತ್ತು 6500ಕ್ಕೆ ತಲಪಿತೆಂದಿಟ್ಟುಕೊಂಡರೂ ಸಿಗುವುದು 49ರಿಂದ 55 ಅಶ್ವಶಕ್ತಿ. ಅದೇ ಸುತ್ತಿನಲ್ಲಿ 80 ಬೇಕಾದರೆ 13 ಬಾರ್ ಬೇಕು. ಪುಶ್ ರಾಡ್‌ನ, ಬಂಕಿನ ಪೆಟ್ರೋಲಿನ, ಟರ್ಬೋ ಇಲ್ಲದ ಈ ಹಳೆಯ ಎಂಜಿನ್ನಿನಲ್ಲಿ ಅದು ನಂಬತಕ್ಕ ಮಾತಲ್ಲ.

ಬೋರ್ ಹಿಗ್ಗಿಸುವುದರ ಬಗೆಗೂ ಅತಿಯಾದ ನಿರೀಕ್ಷೆಗಳಿವೆ. 62.5 ಮಿ.ಮೀ. ಬೋರನ್ನು 63.5ಕ್ಕೆ ಏರಿಸಿದರೆ ಸಾಮರ್ಥ್ಯ 848ರಿಂದ 875 ಸಿ.ಸಿ. ಆಗುತ್ತದೆ, ಹೆಚ್ಚಳ ಶೇಕಡಾ ಮೂರು ಮಾತ್ರ. ಉಳಿದ ಲಾಭವೆಲ್ಲ ಗಾಳಿ ಒಳಹೋಗಿ ಹೊರಬರುವ ದಾರಿಯದ್ದು.

ಇನ್ನು ಅಳತೆ. ಡೈನಮೋಮೀಟರ್ ಹತ್ತಿರದಲ್ಲಿಲ್ಲದವರಿಗೆ ವೇ ಬ್ರಿಡ್ಜ್ ಮತ್ತು ಸ್ಟಾಪ್ ವಾಚ್ ಸಾಕು. ಚಾಲಕನ ಸಹಿತ ಕಾರಿನ ತೂಕ 680 ಕಿ.ಗ್ರಾಂ. ಎಂದಿರಲಿ. ಎಂಜಿನ್ ತನ್ನ ಗರಿಷ್ಠ ಶಕ್ತಿಯ ಸುತ್ತುಗಳ ಸಮೀಪವಿರುವ ಗೇರಿನಲ್ಲಿ ಗಂಟೆಗೆ 60ರಿಂದ 80 ಕಿ.ಮೀ. ವೇಗಕ್ಕೇರಲು 2.8 ಸೆಕೆಂಡು ಹಿಡಿದರೆ ವೇಗವರ್ಧನೆಗೆ ವ್ಯಯವಾದದ್ದು ಸುಮಾರು 35 ಅಶ್ವಶಕ್ತಿ. ನಂತರ ನ್ಯೂಟ್ರಲ್‌ನಲ್ಲಿ ಬಿಟ್ಟಾಗ 80ರಿಂದ 60ಕ್ಕಿಳಿಯಲು 14 ಸೆಕೆಂಡು ಬೇಕಾದರೆ ಗಾಳಿ ಮತ್ತು ಚಕ್ರಗಳ ತಡೆಗೆ ಇನ್ನೂ 7. ಒಟ್ಟು 42 ಚಕ್ರದ ಮೇಲೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳ ನಷ್ಟ ಶೇಕಡಾ 15 ಎಂದು ಹಿಡಿದರೆ ಎಂಜಿನ್ನಿನಲ್ಲಿ ಸುಮಾರು 50. ಮೇಲಿನ ಲೆಕ್ಕಕ್ಕೂ ಇದಕ್ಕೂ ಹೊಂದಾಣಿಕೆಯಾದರೆ ಅಂಕಿಯನ್ನು ನಂಬಬಹುದು. ಸ್ಪೀಡೋಮೀಟರನ್ನು ಮೊದಲು ಜಿ.ಪಿ.ಎಸ್. ಜೊತೆ ಹೋಲಿಸಿರಬೇಕು; ಒಂದೇ ದಾರಿಯಲ್ಲಿ ಹೋಗಿ ಬಂದು ಸರಾಸರಿ ತೆಗೆಯಬೇಕು. ಈ ಪ್ರಯೋಗಕ್ಕೆ ರಾಷ್ಟ್ರೀಯ ಹೆದ್ದಾರಿ 75 ಅಥವಾ 169 ತಕ್ಕ ಸ್ಥಳವಲ್ಲ, ಚಾರ್ಮಾಡಿ ಘಾಟಿಯಂತೂ ಅಲ್ಲವೇ ಅಲ್ಲ. ಸಂಚಾರವಿಲ್ಲದ, ಮಾಲೀಕರ ಒಪ್ಪಿಗೆಯುಳ್ಳ ಸಮತಟ್ಟಾದ ಖಾಸಗಿ ದಾರಿಯೇ ಆಗಬೇಕು.

ಅಳೆದ ಊರೂ ಮುಖ್ಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಆದ್ದರಿಂದ ಅಲ್ಲಿ 45 ತೋರಿಸಿದ ಎಂಜಿನ್ ಬಂಟ್ವಾಳದಲ್ಲಿ ಹೆಚ್ಚುಕಡಿಮೆ 50 ತೋರಿಸಬಹುದು. ನಮ್ಮ ಏಪ್ರಿಲ್ ತಿಂಗಳ ಸೆಕೆ ಮತ್ತು ತೇವ ಅದರಲ್ಲಿ ಸ್ವಲ್ಪವನ್ನು ಕಿತ್ತುಕೊಳ್ಳುವುದೂ ಉಂಟು. ಒಂದು ಅಶ್ವಶಕ್ತಿಗೆ ಬ್ರಿಟಿಷ್ ಲೆಕ್ಕದಲ್ಲಿ 745.7 ವ್ಯಾಟ್, ಮೆಟ್ರಿಕ್ ಲೆಕ್ಕದಲ್ಲಿ 735.5, ವ್ಯತ್ಯಾಸ ಸಣ್ಣದು, ಆದರೂ ಯಾವುದೆಂದು ಬರೆದಿಡುವುದು ಲೇಸು.

ಹಾಗಾಗಿ ಬಿಲ್ಲಿನಲ್ಲಿ ಮಾಡಿದ ಕೆಲಸ, ಹಾಕಿದ ಭಾಗಗಳು, ಬೋರಿನ ಹೊಸ ಅಳತೆ ಇವನ್ನು ಸ್ಪಷ್ಟವಾಗಿ ನಮೂದಿಸಿ. ಶಕ್ತಿಯನ್ನು ಕಾಣಿಸಲೇಬೇಕಾದರೆ “ಅಂದಾಜು 49ರಿಂದ 55, ಎಂಜಿನ್ನಿನಲ್ಲಿ, ಇಂತಹ ಕ್ರಮದಿಂದ” ಎಂದು ಬರೆಯುವುದು ಕ್ಷೇಮಕರ. ಕಾನೂನಿನ ಕಡೆಗೂ ಗಮನವಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಅವಕಾಶವಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ ಆಗಬಹುದು. ಕಾರು ರಸ್ತೆಗಿಳಿಯುವುದಾದರೆ ಕೆಲಸಕ್ಕೆ ಕೈಹಾಕುವ ಮುನ್ನವೇ ಬಂಟ್ವಾಳದ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಗಿರಾಕಿಯಿಂದ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಬಿಲ್ಲಿನ ಜೊತೆ ಕಡತದಲ್ಲಿರಿಸಿಕೊಳ್ಳತಕ್ಕದ್ದು.